ದುಬೈಯಲ್ಲಿ ಅಧ್ಯಯನ ಮಾಡಲು ಮಂಗಳೂರಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಸಾಕಾ?

ಪ್ರಶ್ನೆ (ನರ್ಸಿಂಗ್ ಪಿಎಚ್‌ಡಿ ವಿದ್ಯಾರ್ಥಿನಿ, ಮಂಗಳೂರು)

ಮೇಡಂ, ನಮಸ್ತೆ. ದುಬೈಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿರುವ ನಮ್ಮ ಕರಾವಳಿಯವರ ಬಗ್ಗೆ ನನ್ನ ಅಧ್ಯಯನ. ಬಿಸಿಲಿನಲ್ಲಿ ಎಷ್ಟು ನೀರು ಕುಡಿಯುತ್ತಾರೆ, ಕಿಡ್ನಿಗೆ ತೊಂದರೆ ಆಗುತ್ತಿದೆಯಾ ಅಂತ ನೋಡಬೇಕು. 60 ಜನರನ್ನು ಮಾತಾಡಿಸುತ್ತೇನೆ, ರಕ್ತದ ಮಾದರಿಯೂ ಬೇಕು. ನಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ (ಸಂಶೋಧನೆಯಿಂದ ಜನರಿಗೆ ತೊಂದರೆ ಆಗದ ಹಾಗೆ ನೋಡುವ ಸಮಿತಿ) ಒಪ್ಪಿಗೆ ಕೊಟ್ಟಾಗಿದೆ. ಈಗ ಒಬ್ಬರು ದುಬೈಯ ಕಮಿಟಿಯ ಒಪ್ಪಿಗೆಯೂ ಬೇಕು ಅನ್ನುತ್ತಿದ್ದಾರೆ. ಎಲ್ಲರೂ ಬಂಟ್ವಾಳ, ಬೆಳ್ತಂಗಡಿ, ಕುಂದಾಪುರದವರೇ. ನಮ್ಮವರನ್ನು ಮಾತಾಡಿಸಲು ಅಲ್ಲಿನವರ ಒಪ್ಪಿಗೆ ಯಾಕೆ? ನನ್ನ ಅಣ್ಣ ಅಲ್ಲಿ ಫೋರ್‌ಮನ್. ಜನರನ್ನು ಅವನೇ ಸೇರಿಸಿ ಕೊಡುತ್ತೇನೆ ಅಂದಿದ್ದಾನೆ.

ಉತ್ತರ (ಎಥಿಕ್ಸ್ ಕಮಿಟಿ ಸದಸ್ಯ ಕಾರ್ಯದರ್ಶಿ, ಮಂಗಳೂರು)

ಒಳ್ಳೆಯ ವಿಷಯ ಹಿಡಿದಿದ್ದೀರಿ. ಇದು ಆಗಲೇಬೇಕಾದ ಕೆಲಸ. ಆದರೆ ಅಲ್ಲಿನ ಒಪ್ಪಿಗೆ ಬೇಕೇ ಬೇಕು. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಮನುಷ್ಯ ಎಲ್ಲಿದ್ದಾನೆ, ತೊಂದರೆ ಆದರೆ ಎಲ್ಲಿ ಆಗುತ್ತದೆ, ಅದಷ್ಟೇ ಮುಖ್ಯ.

ನಿಯಮ ಬೇಗ ಹೇಳಿ ಮುಗಿಸುತ್ತೇನೆ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಜಗತ್ತಿನ ವೈದ್ಯರ ಸಂಘ ಮಾಡಿದ ನೀತಿ ನಿಯಮ ಹೆಲ್ಸಿಂಕಿ ಘೋಷಣೆ, 1964ರದ್ದು. 2024ರಲ್ಲಿ ಅದನ್ನು ತಿದ್ದಿದರು. ದೇಶ ದೇಶಗಳು ಸೇರಿ ಮಾಡುವ ಸಂಶೋಧನೆಗೆ ಮಾಡಿಸುವ ದೇಶ, ನಡೆಯುವ ದೇಶ ಎರಡರ ಕಮಿಟಿಯೂ ಒಪ್ಪಬೇಕು ಅಂತ ಅದರಲ್ಲಿ ನೇರವಾಗಿಯೇ ಇದೆ. ದುಬೈಯಲ್ಲಿ ಈ ಕೆಲಸ ನೋಡುವುದು ದುಬೈ ಹೆಲ್ತ್ ಅಥಾರಿಟಿಯ ಕಮಿಟಿ. ಅಬುಧಾಬಿಗೆ ಹೋದರೆ ಅಲ್ಲಿನ ಆರೋಗ್ಯ ಇಲಾಖೆ ಬೇರೆಯೇ. ಹಾಗಾಗಿ ಲೇಬರ್ ಕ್ಯಾಂಪ್ ಯಾವ ಎಮಿರೇಟ್‌ನಲ್ಲಿದೆ (ಯುಎಇಯ ಒಳಗಿನ ಯಾವ ರಾಜ್ಯದಲ್ಲಿದೆ) ಅಂತ ಮೊದಲು ನೋಡಿಕೊಳ್ಳಿ.

ಈಗ ನಿಮ್ಮ ‘ಯಾಕೆ’ಗೆ ಬರುತ್ತೇನೆ. ಹಿಂದೊಮ್ಮೆ ನಮ್ಮ ಕಮಿಟಿಗೆ ಬೀಡಿ ಕಟ್ಟುವ ಹೆಂಗಸರ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಹೆಂಗಸರನ್ನು ಬೀಡಿ ಬ್ರ್ಯಾಂಚಿನವರೇ ಸೇರಿಸಿ ಕೊಡುತ್ತಾರೆ ಅಂತ ಬರೆದಿದ್ದರು. ಡಾಕ್ಟರುಗಳಾದ ನಮಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಜನಸಾಮಾನ್ಯರ ಪರವಾಗಿ ಕೂರುವ ಸದಸ್ಯೆ ತಡೆದರು. ‘ಎಲೆ, ಹೊಗೆಸೊಪ್ಪು ಕೊಡುವುದು ಅವರು. ಕಟ್ಟಿದ ಬೀಡಿ ಸರಿ ಇಲ್ಲ ಅಂತ ವಾಪಸ್ ಹಾಕುವುದೂ ಅವರೇ. ಅವರು ಕರೆದರೆ ಯಾರು ಬರುವುದಿಲ್ಲ ಅನ್ನುತ್ತಾರೆ?’ ಅಂತ ಕೇಳಿದರು. ಅವರ ಅಮ್ಮ ಬೀಡಿ ಕಟ್ಟಿ ಮನೆ ನಡೆಸಿದವರು. ಆ ಒಂದು ಮಾತಿಗೆ ಇಡೀ ಪ್ರೊಟೊಕಾಲ್ (ಅಧ್ಯಯನ ಹೇಗೆ ಮಾಡುವುದು ಅನ್ನುವ ಯೋಜನೆ) ಬದಲಾಯಿತು. ಈ ತಿಳಿವಳಿಕೆ ಪುಸ್ತಕದಲ್ಲಿ ಸಿಗುವುದಿಲ್ಲ, ಅಲ್ವಾ?

ದುಬೈಯ ಕ್ಯಾಂಪಿನ ಬಗ್ಗೆ ಹಾಗೆ ಹೇಳಬಲ್ಲವರು ಮಂಗಳೂರಿನ ಕಮಿಟಿಯಲ್ಲಿ ಯಾರಿದ್ದಾರೆ? ಒಂದು ಉದಾಹರಣೆ ಕೊಡುತ್ತೇನೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಲ್ಲಿ, ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ‘ಮಧ್ಯಾಹ್ನ ಎಷ್ಟು ಹೊತ್ತು ಬಿಸಿಲಲ್ಲಿ ಇರುತ್ತೀರಿ?’ ನಿಮ್ಮ ಮಟ್ಟಿಗೆ ಇದು ಆರೋಗ್ಯದ ಪ್ರಶ್ನೆ. ಆದರೆ ಅವನು ನಿಜ ಹೇಳಿದರೆ ಅದು ಕಂಪನಿ ಮೇಲಿನ ದೂರಾಗುತ್ತದೆ. ಅವನ ವೀಸಾ ಇರುವುದು ಅದೇ ಕಂಪನಿಯ ಕೈಯಲ್ಲಿ. ನಿಮ್ಮ ಕಾಗದ ಯಾರ ಕೈಗಾದರೂ ಸಿಕ್ಕಿದರೆ ಕೆಲಸ ಹೋಗುವುದು ಅವನದು. ನೀವು ಅಷ್ಟು ಹೊತ್ತಿಗೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಿರುತ್ತೀರಿ.

ರಕ್ತದ ವಿಷಯವೂ ಹಾಗೆಯೇ. ಒಬ್ಬನ ಕ್ರಿಯಾಟಿನಿನ್ (ಕಿಡ್ನಿ ಸರಿ ಇದೆಯಾ ಅಂತ ರಕ್ತದಲ್ಲಿ ತೋರಿಸುವ ಅಂಶ) ಜಾಸ್ತಿ ಬಂತು ಅಂತ ಇಟ್ಟುಕೊಳ್ಳಿ. ಯಾರಿಗೆ ಹೇಳುತ್ತೀರಿ? ಎಲ್ಲಿಗೆ ಕಳಿಸುತ್ತೀರಿ? ಅಲ್ಲಿ ಇನ್ಶೂರೆನ್ಸ್ ಮಾಡಿಸುವುದು ಕಂಪನಿ. ಆ ರಿಪೋರ್ಟ್ ಮಾಲೀಕರಿಗೆ ತಿಳಿಯದ ಹಾಗೆ ಚಿಕಿತ್ಸೆ ಸಿಗುವ ದಾರಿ ಯಾವುದು ಅಂತ ಅಲ್ಲಿನವರನ್ನೇ ಕೇಳಬೇಕು. ಇನ್ನೊಂದು ವಿಷಯ. ಆರೋಗ್ಯದ ಮಾಹಿತಿಯನ್ನು ದೇಶದಿಂದ ಹೊರಗೆ ಕಳಿಸುವುದಕ್ಕೆ ಯುಎಇಯಲ್ಲಿ 2019ರ ಕಾನೂನಿನ ಕಟ್ಟುಪಾಡು ಇದೆ. ರಿಪೋರ್ಟುಗಳನ್ನು ಸುಮ್ನೆ ಪೆನ್‌ಡ್ರೈವಿಗೆ ಹಾಕಿ ತರಬೇಡಿ. ಅನುಮತಿಯನ್ನು ಅರ್ಜಿಯಲ್ಲೇ ಕೇಳಿ.

ಪ್ರಶ್ನೆ ಕೇಳಿದವರು

ಮೇಡಂ, ಇಷ್ಟೆಲ್ಲ ಯೋಚನೆ ಮಾಡಿರಲಿಲ್ಲ. ಆದರೆ ಅಣ್ಣ ಯಾರಿಗೂ ಒತ್ತಾಯ ಮಾಡುವವನಲ್ಲ. ಅವನಿಲ್ಲದೆ ಕ್ಯಾಂಪಿನ ಒಳಗೆ ಹೋಗುವುದೇ ಕಷ್ಟ.

ಉತ್ತರ

ಅಣ್ಣ ಒಳ್ಳೆಯವರೇ ಇರಬಹುದು. ನಾನು ಅನುಮಾನ ಪಡುತ್ತಿಲ್ಲ. ಆದರೆ ಓವರ್‌ಟೈಮ್ ಬರೆಯುವುದು ಅವರು. ಅವರ ತಂಗಿ ಬಂದು ‘ಇಷ್ಟ ಇದ್ದರೆ ಮಾತ್ರ ಹೇಳಿ’ ಅಂದರೆ ಎದುರಿಗೆ ಕೂತವನಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಅಣ್ಣನ ಸೈಟಿನವರನ್ನು ಪೂರ್ತಿ ಬಿಡಿ. ಅಲ್ಲಿನ ಆಸ್ಪತ್ರೆ ಅಥವಾ ಕಾಲೇಜಿನ ಒಬ್ಬರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳಿ. ಅವರ ಕೆಲಸಕ್ಕೆ ತಕ್ಕ ಹಾಗೆ ಪ್ರಬಂಧದಲ್ಲೂ ಹೆಸರು ಇರಲಿ. ಕ್ಯಾಂಪಿನ ಹೊರಗೆ, ರಜೆಯ ದಿನ ಮಾತಾಡಿಸಿ. ಕನ್ನಡದ ಒಪ್ಪಿಗೆ ಪತ್ರ ಇರಲಿ, ಆದರೆ ವಿವರಿಸುವುದು ತುಳುವಿನಲ್ಲಿ, ಬ್ಯಾರಿಯಲ್ಲಿ, ಅವರು ಮನೆಯಲ್ಲಿ ಆಡುವ ಮಾತಿನಲ್ಲಿ. ಓದಲು ಬಾರದವರಿದ್ದರೆ ನಿಮಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಬೇಕು. ಅದು ಅಣ್ಣ ಆಗಬಾರದು.

ಇನ್ನೊಬ್ಬರ ಪ್ರಶ್ನೆ (ಸಮಾಜಕಾರ್ಯದ ಎಂಎಸ್‌ಡಬ್ಲ್ಯು ವಿದ್ಯಾರ್ಥಿ, ಉಡುಪಿ)

ಮೇಡಂ, ನನ್ನದೂ ಹೀಗೆಯೇ. ಉಡುಪಿಯ ಹೋಟೆಲುಗಳಲ್ಲಿ ಕೆಲಸ ಮಾಡುವ ನೇಪಾಳದವರ ಮಾನಸಿಕ ಆರೋಗ್ಯದ ಬಗ್ಗೆ ಮಾಡುತ್ತಿದ್ದೇನೆ. ಅವರಿಗೆ ನಮ್ಮ ಕಾಲೇಜಿನ ಒಪ್ಪಿಗೆ ಇದೆ. ಆಮೇಲೆ ಇವರಲ್ಲಿ 12 ಜನರ, ನೇಪಾಳದ ಊರಿನಲ್ಲೇ ಇರುವ ಹೆಂಡತಿಯರ ಹತ್ತಿರ ವಿಡಿಯೊ ಕಾಲ್‌ನಲ್ಲಿ ಮಾತಾಡಿದೆ. ನೇಪಾಳಕ್ಕೆ ಹೋಗಲಿಲ್ಲ, ಹಾಗಾಗಿ ಯಾರನ್ನೂ ಕೇಳಲಿಲ್ಲ. ಈಗ ಒಪ್ಪಿಗೆ ತೆಗೆದುಕೊಂಡರೆ ಆಗುತ್ತದಾ?

ಉತ್ತರ

ಹೋಟೆಲಿನವರಿಗೆ ಇಲ್ಲಿನ ಕಮಿಟಿ ಸರಿ. ಆ ಹೆಂಗಸರು ಇರುವುದು ನೇಪಾಳದಲ್ಲಿ. ಅಲ್ಲಿ ಆರೋಗ್ಯ ಸಂಶೋಧನೆ ನೋಡಿಕೊಳ್ಳುವುದು ನೇಪಾಳ ಹೆಲ್ತ್ ರಿಸರ್ಚ್ ಕೌನ್ಸಿಲ್. ನೀವು ಫೋನಿನಲ್ಲಿ ಮಾತಾಡಿದ್ದರೂ ದುಃಖದ ಪ್ರಶ್ನೆ ಕೇಳಿ ಆಕೆ ಅತ್ತರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಬೇಕಾಗುತ್ತದೆ. ಅತ್ತೆಯ ಎದುರು ಕೂತು ಉತ್ತರ ಕೊಟ್ಟಳಾ ಅನ್ನುವುದೂ ನಿಮಗೆ ಕಂಡಿರುವುದಿಲ್ಲ.

ಆದ ಕೆಲಸಕ್ಕೆ ಆಮೇಲೆ ಒಪ್ಪಿಗೆ ಸಿಗುವುದಿಲ್ಲ. 1996ರಲ್ಲಿ ನೈಜೀರಿಯಾದ ಕಾನೊದಲ್ಲಿ ಮೆದುಳು ಜ್ವರ ಹರಡಿತ್ತು. ಆಗ ಟ್ರೋವನ್ ಅನ್ನುವ ಔಷಧಿಯನ್ನು ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. ಸುಮಾರು 200 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳಿಗೆ ಟ್ರೋವನ್, ಉಳಿದವರಿಗೆ ಬೇರೆ ಔಷಧಿ. 11 ಮಕ್ಕಳು ತೀರಿಕೊಂಡರು. ಅಲ್ಲಿನ ಕಮಿಟಿಯ ಒಪ್ಪಿಗೆ ಪತ್ರ ಇದೆ ಅಂತ ತೋರಿಸಿದ್ದರು. ಪತ್ರದಲ್ಲಿದ್ದ ತಾರೀಕಿನಂದು ಆ ಆಸ್ಪತ್ರೆಯಲ್ಲಿ ಎಥಿಕ್ಸ್ ಕಮಿಟಿಯೇ ಇರಲಿಲ್ಲ ಅಂತ ವರ್ಷಗಳ ಮೇಲೆ ಹೊರಬಂತು. ಮಕ್ಕಳ ಸಾವಿಗೆ ಔಷಧಿ ಕಾರಣವಾ, ರೋಗ ಕಾರಣವಾ ಅನ್ನುವ ವಾದ ಬಹಳ ನಡೆಯಿತು. ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಪರೀಕ್ಷೆ ಶುರುವಾಗುವ ಮೊದಲು ಆ ತಾಯಂದಿರ ಪರವಾಗಿ ಒಂದು ಪ್ರಶ್ನೆ ಕೇಳಲು ಅವರ ಊರಿನವರು ಯಾರೂ ಕೂತಿರಲಿಲ್ಲ.

ನಿಮ್ಮದು ಅಂಥ ತಪ್ಪಲ್ಲ, ಹೆದರಬೇಡಿ. ಆದರೆ ಹಳೆಯ ತಾರೀಕು ಹಾಕಿಸುವ ಯೋಚನೆ ಬೇಡ. ಆ 12 ಮಾತುಕತೆಗಳನ್ನು ಪ್ರಬಂಧದಲ್ಲಿ ಬಳಸಬೇಡಿ. ಈಗಲೇ ಗೈಡಿಗೂ ನಿಮ್ಮ ಕಮಿಟಿಗೂ ಬರೆದು ತಿಳಿಸಿ. ರೆಕಾರ್ಡಿಂಗ್ ಏನು ಮಾಡಬೇಕು ಅಂತ ಅವರು ಹೇಳುತ್ತಾರೆ. ನೇಪಾಳದ ಒಪ್ಪಿಗೆ ಬಂದ ಮೇಲೆ ಬೇರೆಯವರನ್ನು ಹೊಸದಾಗಿ ಮಾತಾಡಿಸಿ.

ಪ್ರಶ್ನೆ ಕೇಳಿದವರು

ಅರ್ಥ ಆಯಿತು ಮೇಡಂ. ಗೈಡ್ ಹತ್ತಿರ ನಾಳೆಯೇ ಮಾತಾಡುತ್ತೇನೆ. ನನ್ನ ದುಬೈ ಅಧ್ಯಯನದ ಒಪ್ಪಿಗೆ ಪತ್ರದ ಕೊನೆಯಲ್ಲಿ ದೂರು ಕೊಡುವ ನಂಬರ್ ಅಂತ ನಮ್ಮ ಕಾಲೇಜಿನ ಲ್ಯಾಂಡ್‌ಲೈನ್ ಹಾಕಿದ್ದೇನೆ. ಅದು ಇರಬಹುದಲ್ಲವಾ?

ಉತ್ತರ

ಇರಲಿ, ಆದರೆ ಅದೊಂದೇ ಬೇಡ. ದುಬೈಯಿಂದ ಆ ನಂಬರಿಗೆ ಮಾಡಿದರೆ ಐಎಸ್‌ಡಿ ದುಡ್ಡು ಹೋಗುತ್ತದೆ. ಅವನಿಗೆ ಬಿಡುವಾಗುವುದು ರಾತ್ರಿ. ಆಗ ಕಾಲೇಜಿನ ಆಫೀಸಿನಲ್ಲಿ ಎತ್ತುವವರಿಲ್ಲ. ದುಬೈಯಲ್ಲೇ ಇರುವ, ತುಳು ಅಥವಾ ಕನ್ನಡ ಬರುವ, ನಿಮ್ಮ ಅಣ್ಣನ ಕಂಪನಿಗೆ ಸೇರದ ಒಬ್ಬರ ಮೊಬೈಲ್ ನಂಬರ್ ಅವರನ್ನು ಕೇಳಿಯೇ ಹಾಕಿ. ಅಲ್ಲಿನ ಕಮಿಟಿ ಒಪ್ಪಿದ ಮೇಲೆ ಅದರ ನಂಬರೂ ಸೇರಲಿ. ತಿದ್ದಿದ ಪತ್ರವನ್ನು ಕಾಲೇಜಿನ ಕಮಿಟಿಯ ಮುಂದೆ ಮತ್ತೆ ಇಡಬೇಕು, ಮರೆಯಬೇಡಿ.