ದಾವಣಗೆರೆಯಲ್ಲಿ ಸಿಗಾರ್ ಓಡುತ್ತಿಲ್ಲ, ಸಾಲ ಮಾಡಿ ಹೊಸ ಮಾಲು ಹಾಕಲಾ?

ಕೇಳಿದವರು, ದಾವಣಗೆರೆ

ಪಿ.ಜೆ. ಬಡಾವಣೆ ಕಡೆ ನಮ್ಮದೊಂದು ಗಿಫ್ಟ್ ಅಂಗಡಿ. ವಾಚು, ಪೆನ್ನು, ಸೆಂಟು ಇಂಥವು. 2021ರಲ್ಲಿ ಒಂದು ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಫಾರಿನ್ ಸಿಗಾರ್ ಶುರು ಮಾಡಿದೆ. ಮೊದಲು ತಿಂಗಳಿಗೆ 60–70 ಹೋಗುತ್ತಿದ್ದವು. ಈಗ 15 ಹೋದರೆ ದೊಡ್ಡದು. ಸಪ್ಲೈಯರ್ ಕೇಳಿದರೆ, "ಇನ್ನೆರಡು ಬ್ರ್ಯಾಂಡ್ ಇಡಿ, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿ, ತಾನಾಗೇ ಏರುತ್ತೆ" ಅನ್ನುತ್ತಾರೆ. ಅದಕ್ಕೆ ಎರಡು ಲಕ್ಷ ಸಾಲ ಮಾಡಬೇಕು. ಈ ವ್ಯಾಪಾರ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇ ಅಂಗಡಿಯವನು, ದಾವಣಗೆರೆ

ಸರ್, ಸಾಲ ಮಾತ್ರ ಮಾಡಬೇಡಿ. ನಾನು ಏಳು ವರ್ಷ ಇದನ್ನೇ ಮಾಡಿ 2024ರಲ್ಲಿ ಕೈ ತೊಳೆದುಕೊಂಡವನು.

ಮೊದಲು ನಿಮ್ಮ ಬಿಲ್ ಪುಸ್ತಕ ತೆಗೆಯಿರಿ. ಎಷ್ಟು ಹೋಯಿತು ಅಂತ ನೋಡಬೇಡಿ, ಎಷ್ಟು ಜನ ತಗೊಂಡರು ಅಂತ ಎಣಿಸಿ. ನಾನು ಎಣಿಸಿದ ದಿನ ಎದೆ ಧಸಕ್ ಅಂತು. ತಿಂಗಳು ತಿಂಗಳು ಬರುತ್ತಿದ್ದವರು ಬರೀ ಒಂಬತ್ತು ಜನ! ಇಬ್ಬರು ಡಾಕ್ಟರು, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಮೂವರು, ಒಬ್ಬರು ಮೆಕ್ಕೆಜೋಳದ ವ್ಯಾಪಾರಿ, ಇನ್ನು ಮೂವರು ಅವರವರ ಸ್ನೇಹಿತರು. ಮಿಕ್ಕವರೆಲ್ಲ ಹುಟ್ಟುಹಬ್ಬಕ್ಕೋ ಮದುವೆಗೋ ಒಂದು ಡಬ್ಬಿ ಒಯ್ದು ಮತ್ತೆ ಈ ಕಡೆ ತಲೆ ಹಾಕದವರು. ಇದನ್ನೇ ನಾನು ಮಾರ್ಕೆಟ್ ಅಂದುಕೊಂಡಿದ್ದೆ. ಆಮೇಲೆ ಒಬ್ಬ ಡಾಕ್ಟರಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದರು. ಅವರು ಬಿಟ್ಟರು, ಅವರನ್ನು ನೋಡಿ ಇನ್ನೊಬ್ಬರೂ ಬಿಟ್ಟರು. ಬೇರೆಯವರಿಗೆ ಒಳ್ಳೇದಾಯಿತಲ್ಲ ಅಂತ ಬೇಜಾರು ಮಾಡಿಕೊಳ್ಳೋ ವ್ಯಾಪಾರ ಇದು, ಏನು ಮಾಡೋದು.

ನೀವು ಶುರು ಮಾಡಿದ ವರ್ಷವೂ ಹಾಗಿತ್ತು. ಕೋವಿಡ್‌ನಲ್ಲಿ ಮನೆಯಲ್ಲೇ ಕೂತವರು ಕೆಲವು ಕಡೆ ಸಿಗಾರ್ ಜಾಸ್ತಿ ಸೇದಿದರು. ಅಮೆರಿಕದಲ್ಲಿ 2021ರ ಒಂದೇ ವರ್ಷಕ್ಕೆ ಒಳ್ಳೇ ಸಿಗಾರ್‌ಗಳ ಆಮದು 40 ಕೋಟಿ ದಾಟಿತ್ತು. ಆಮೇಲೆ ಅಲ್ಲೂ ಆ ಏರಿಕೆ ನಿಂತಿತು. 1990ರ ದಶಕದಲ್ಲೂ ಹೀಗೇ ಆಗಿತ್ತಂತೆ. 1997ರ ತನಕ ಜಾತ್ರೆ, ಆಮೇಲೆ ಗೋಡೌನ್ ತುಂಬ ಕೇಳೋರಿಲ್ಲದ ಮಾಲು.

ರೇಟಿನ ಕಥೆಯೂ ಇದೆ. 2022ರಲ್ಲಿ ಕ್ಯೂಬಾದ ಹಬಾನೋಸ್ ಕಂಪನಿ ಕೊಹಿಬಾ, ಟ್ರಿನಿಡಾಡ್ ಬ್ರ್ಯಾಂಡ್ ಎರಡಕ್ಕೂ ಎಲ್ಲ ದೇಶದಲ್ಲೂ ಹಾಂಗ್‌ಕಾಂಗ್ ಮಟ್ಟದ ದುಬಾರಿ ರೇಟು ಅಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಬಂದು ಅಲ್ಲಿ ತಂಬಾಕು ಬೆಳೆಯುವ ಪಿನಾರ್ ಡೆಲ್ ರಿಯೊದಲ್ಲಿ ಎಲೆ ಒಣಗಿಸುವ ಸಾವಿರಾರು ಮನೆಗಳನ್ನು ಕೆಡವಿ ಹೋಯಿತು. ಮಾಲು ಸಿಗಲ್ಲ, ಸಿಕ್ಕರೆ ಕೈ ಸುಡುತ್ತೆ. ನಮ್ಮಲ್ಲಂತೂ 2017ರಲ್ಲಿ ಜಿಎಸ್‌ಟಿ ಶುರುವಾದಾಗಲೇ 28 ಪರ್ಸೆಂಟು, ಮೇಲೆ ಸೆಸ್ಸು, ಅದಕ್ಕೂ ಮೊದಲು ಆಮದು ಸುಂಕ. ಇನ್ನೆರಡು ಬ್ರ್ಯಾಂಡ್ ಇಟ್ಟರೆ ಇದೆಲ್ಲ ಸರಿಹೋಗುತ್ತಾ?

ಆದರೆ ನನಗೆ ನಿಜವಾದ ಹೊಡೆತ ಕೊಟ್ಟಿದ್ದು ರೇಟಲ್ಲ, ನಮ್ಮೂರ ಬಿಸಿಲು. ಸಿಗಾರ್‌ಗೆ 65ರಿಂದ 70 ಪರ್ಸೆಂಟ್ ತೇವ ಬೇಕು, 20 ಡಿಗ್ರಿ ಆಸುಪಾಸು ತಂಪು ಬೇಕು. ನನ್ನ ಪೆಟ್ಟಿಗೆಯ ಮೀಟರ್ ಸದಾ 68 ತೋರಿಸುತ್ತಿತ್ತು. ನಾನೂ ನೆಮ್ಮದಿಯಾಗಿದ್ದೆ. ಒಂದು ಏಪ್ರಿಲ್‌ನಲ್ಲಿ ಆ ಮೆಕ್ಕೆಜೋಳದವರು ಬಂದು ಒಂದನ್ನು ಕಿವಿ ಹತ್ತಿರ ಹಿಡಿದು ಮೆತ್ತಗೆ ಒತ್ತಿದರು. ಕರಕರ ಸದ್ದು. ಮೇಲಿನ ಎಲೆ ಬಿರುಕು ಬಿಟ್ಟು ಪುಡಿ ಅವರ ಅಂಗಿ ಮೇಲೆ ಬಿತ್ತು. "ಏನಪ್ಪಾ, ಸಿಗಾರ್ ಮಾರ್ತೀಯೋ ಮಂಡಕ್ಕಿ ಮಾರ್ತೀಯೋ?" ಅಂದರು. ಮತ್ತೆ ಬರಲಿಲ್ಲ.

ಅವತ್ತು ರಾತ್ರಿ ಮೀಟರ್ ಪರೀಕ್ಷೆ ಮಾಡಿದೆ. ನೀವೂ ಮಾಡಿ, ಖರ್ಚಿಲ್ಲ. ಸೋಡಾ ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ. ನಾಲ್ಕೈದು ಹನಿ ನೀರು ಹಾಕಿ, ಒದ್ದೆ ಮರಳಿನ ಹಾಗಿರಲಿ, ಕರಗಬಾರದು. ಮೀಟರ್ ಜೊತೆ ಅದನ್ನು ಜಿಪ್ ಕವರ್‌ನಲ್ಲಿಟ್ಟು ಗಾಳಿ ಆಡದಂತೆ ಮುಚ್ಚಿ ಬೆಳಗಿನ ತನಕ ಬಿಡಿ. 75 ತೋರಿಸಬೇಕು. ನನ್ನದು 88 ತೋರಿಸಿತು. ಅಂದರೆ ನಾನು 68 ಅಂದುಕೊಂಡಿದ್ದು ಸುಮಾರು 55. ಎಷ್ಟೋ ತಿಂಗಳಿಂದ ಒಣಕಲು ಮಾರುತ್ತಿದ್ದೆ. ಒಂದಕ್ಕೆ 900 ರೂಪಾಯಿ ಕೊಟ್ಟವರು ಸುಮ್ನೆ ಹೋದರು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೋಟೆಲ್‌ನವನು, ಚಿತ್ರದುರ್ಗ

ಇನ್‌ಸ್ಟಾಗ್ರಾಮ್ ಗೊಡವೆಗೆ ಹೋಗಬೇಡಿ. 2003ರ ಕೋಟ್ಪಾ ಕಾಯ್ದೆ ಪ್ರಕಾರ ತಂಬಾಕಿನ ಜಾಹೀರಾತೇ ಮಾಡುವಂತಿಲ್ಲ. ಸಪ್ಲೈಯರ್‌ಗೇನು, ನೋಟಿಸ್ ಬರೋದು ನಿಮ್ಮ ಹೆಸರಿಗೆ. 2025ರಲ್ಲಿ ಬಂದ ನಮ್ಮ ರಾಜ್ಯದ ತಿದ್ದುಪಡಿಯಲ್ಲಿ 21 ವರ್ಷ ಆಗದವರಿಗೆ ಮಾರಬಾರದು ಅಂತ ಇದೆ. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೂ ಮಾರುವಂತಿಲ್ಲ. ನಿಮ್ಮೂರಲ್ಲಿ ಕಾಲೇಜಿಲ್ಲದ ರಸ್ತೆ ಯಾವುದಿದೆ ಹೇಳಿ? ಟೇಪ್ ಹಿಡಿದು ಒಮ್ಮೆ ಅಳತೆ ಮಾಡಿಬಿಡಿ.

ಬೀಡಿ–ಸಿಗರೇಟು ಹೋಲ್‌ಸೇಲ್, ಹರಿಹರ

ಹಳೇ ಅಂಗಡಿಯ ಅಣ್ಣ ಪೂರ್ತಿ ಬಿಡಿ ಅನ್ನೋ ಹಾಗೆ ಹೇಳಿದ್ದಾರೆ. ನಾನು ಅಷ್ಟು ಹೇಳಲ್ಲ. ಪೆಟ್ಟಿಗೆ ಇಟ್ಟುಕೊಳ್ಳಬೇಡಿ, ಫೋನ್ ಇಟ್ಟುಕೊಳ್ಳಿ. ಕಾಯಂ ಗಿರಾಕಿ ಕೇಳಿದರೆ ಅಡ್ವಾನ್ಸ್ ತಗೊಂಡು ಬೆಂಗಳೂರಿಂದ ತರಿಸಿಕೊಡಿ. ಲಾಭ ಕಮ್ಮಿ, ಆದರೆ ರಾತ್ರಿ ನಿದ್ದೆ ಬರುತ್ತೆ.

ಇನ್ನೊಂದು, ಇರೋ ಮಾಲಿನಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಇದೆಯಾ ನೋಡಿ. ಇದ್ದರೆ ತಂಬಾಕು ಹುಳ. ಮೊಟ್ಟೆ ಎಲೆಯಲ್ಲೇ ಇರುತ್ತೆ, ಸೆಕೆ ಜಾಸ್ತಿ ಆದರೆ ಮರಿ ಆಗುತ್ತೆ. ಕರೆಂಟ್ ಹೋಗಿ ಎಸಿ ನಿಲ್ಲುತ್ತಿದ್ದರೆ ಅದಕ್ಕೆ ಅನುಕೂಲ. ತೂತಾದದ್ದನ್ನು ಎಸೆಯಿರಿ. ಉಳಿದದ್ದನ್ನು ಕವರ್‌ನಲ್ಲಿ ಕಟ್ಟಿ ಮೂರು ದಿನ ಫ್ರೀಜರ್‌ನಲ್ಲಿಡಿ. ತೆಗೆದ ಕೂಡಲೇ ಹೊರಗಿಡಬೇಡಿ. ಒಂದು ದಿನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ಆಮೇಲೆ ಹೊರಗೆ ತನ್ನಿ, ಇಲ್ಲದಿದ್ದರೆ ಎಲೆ ಸೀಳುತ್ತೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಪುಸ್ತಕ ಎಣಿಸಿದೆ. ಕಾಯಂ ಬರುವವರು ಏಳು ಜನ, ಅದರಲ್ಲಿ ಒಬ್ಬರು ನಮ್ಮ ಮಾವನವರೇ, ಅವರದು ಉದ್ರಿ ಬೇರೆ. ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ 83 ತೋರಿಸಿತು. ಕಾಲೇಜಿನ ಗೇಟಿಗೆ 140 ಮೀಟರ್ ಬಂತು, ಅದೊಂದು ಬಚಾವ್. ಸಪ್ಲೈಯರ್‌ಗೆ ಫೋನ್ ಮಾಡಿ ಆರ್ಡರ್ ಬೇಡ ಅಂದೆ.

ಒಂದು ಡಬ್ಬಿಯಲ್ಲಿ ಮೂರಕ್ಕೆ ತೂತು ಸಿಕ್ಕಿತು. ಉಳಿದ 22 ಫ್ರೀಜರ್‌ಗೆ ಹಾಕೋಣ ಅಂದರೆ, "ಮಕ್ಕಳ ಐಸ್‌ಕ್ರೀಂ ಪಕ್ಕ ಅದನ್ನಿಟ್ಟರೆ ಫ್ರಿಜ್ಜೇ ಹೊರಗೆ ಹಾಕ್ತೀನಿ" ಅಂತ ಮನೆಯವಳು ಬಾಗಿಲಿಗೇ ನಿಂತಿದ್ದಾಳೆ. ಹರಿಹರದ ಅಣ್ಣ, ಎರಡು ಕವರ್ ಸುತ್ತಿದರೆ ವಾಸನೆ ಬರಲ್ಲ ತಾನೇ?