ಚೆರ್ರಿ ಹಾಕಿದ ಗೋಧಿ ಬಿಯರ್‌ಗೆ ಕೊಟ್ಟಿಗೆ ವಾಸನೆ: ಕೆಟ್ಟಿದೆಯಾ, ಅದರ ರುಚಿಯೇ ಹಾಗಾ?

ಹಾಸನದಿಂದ_ಲ್ಯೂವೆನ್‌ಗೆ (ಅಕ್ಟೋಬರ್ 14)

ಎಲ್ಲರಿಗೂ ನಮಸ್ಕಾರ. ಬೆಲ್ಜಿಯಂನ ಲ್ಯೂವೆನ್‌ಗೆ ಬಂದು ಎಂಟು ತಿಂಗಳಾಯಿತು. ಬೆಂಗಳೂರಲ್ಲಿದ್ದಾಗ ಶುಕ್ರವಾರ ಸಂಜೆ ಇಂದಿರಾನಗರದಲ್ಲಿ ಗೋಧಿ ಬಿಯರ್ ಕುಡಿಯುವ ಅಭ್ಯಾಸ ಇತ್ತು. ಆ ಬಾಳೆಹಣ್ಣು, ಲವಂಗದ ಪರಿಮಳ ನನಗೆ ತುಂಬಾ ಇಷ್ಟ.

ಮೊನ್ನೆ ಇಲ್ಲಿನ ಅಂಗಡಿಯಲ್ಲಿ 'ಔಡೆ ಕ್ರೀಕ್' ಅಂತ ಬರೆದ ಬಾಟಲಿ ಕಂಡೆ. ಇದಕ್ಕೂ ಗೋಧಿ ಹಾಕುತ್ತಾರೆ, ಮರದ ಪೀಪಾಯಿಯಲ್ಲಿ ಇಟ್ಟು ಚೆರ್ರಿ ಸೇರಿಸುತ್ತಾರೆ ಅಂದರು ಅಂಗಡಿಯವರು. ಎರಡು ಬಾಟಲಿ ತಂದೆ. ಒಂದನ್ನು ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗೆ ಮಾಡಿ ರಾತ್ರಿ ತೆಗೆದೆವು. ಬಣ್ಣ ನೋಡಿ ನನ್ನ ಹೆಂಡತಿಗೆ ಖುಷಿಯೋ ಖುಷಿ. ಆದರೆ ಮೂಗಿನ ಹತ್ತಿರ ತಂದರೆ ಕೊಟ್ಟಿಗೆ ವಾಸನೆ! ಅಜ್ಜಿ ಮನೆಯಲ್ಲಿ ಹಸು ಕಟ್ಟುವ ಕಡೆ ಒಣಹುಲ್ಲು, ಒದ್ದೆ ಗೋಣಿಚೀಲ ಸೇರಿ ಬರುತ್ತಲ್ಲ, ಅದೇ. ಬಾಯಿಗೆ ಹಾಕಿದರೆ ಎಂಥಾ ಹುಳಿ ಅಂದರೆ ಕಿವಿ ಕೆಳಗೆ ದವಡೆ ಜುಮ್ ಅಂತು. ಸಿಹಿ ಸುಳಿವೇ ಇಲ್ಲ. ಅಷ್ಟು ಚೆರ್ರಿ ಹಾಕಿದ ಮೇಲೆ ಸಿಹಿ ಎಲ್ಲಿ ಹೋಯಿತು?

ಬಾಟಲಿ ಕೆಟ್ಟಿತ್ತಾ? ಇನ್ನೊಂದು ಹಾಗೇ ಇದೆ. ಚೆಲ್ಲಲು ಮನಸ್ಸು ಬರುತ್ತಿಲ್ಲ.

ತೀರ್ಥಹಳ್ಳಿಯವ (ಅಕ್ಟೋಬರ್ 14)

ದಯವಿಟ್ಟು ಚೆಲ್ಲಬೇಡಿ! ಬ್ರಸೆಲ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಈ ಊರಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಇದೇ ಬಿಯರ್. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನೀವು ಕುಡಿದದ್ದರ ತಾಯಿ 'ಲ್ಯಾಂಬಿಕ್'. ಮೂರನೇ ಒಂದು ಭಾಗದಷ್ಟು ಮೊಳಕೆ ಬರಿಸದ ಗೋಧಿ, ಉಳಿದದ್ದು ಬಾರ್ಲಿ ಮಾಲ್ಟ್. ನೀವು ಹೇಳಿದ ಬಾಳೆಹಣ್ಣು, ಲವಂಗ ಗೋಧಿಯಿಂದ ಬರುವುದಲ್ಲ. ಅದು ಜರ್ಮನ್ ಗೋಧಿ ಬಿಯರ್‌ಗೆ ಹಾಕುವ ಈಸ್ಟಿನ ಕೆಲಸ. ಲ್ಯಾಂಬಿಕ್‌ಗೆ ಯಾರೂ ಈಸ್ಟ್ ಹಾಕುವುದೇ ಇಲ್ಲ. ಗಂಟೆಗಟ್ಟಲೆ ಕುದಿಸಿದ ರಸವನ್ನು ಅಟ್ಟದ ಮೇಲೆ ಅಗಲವಾದ, ಆಳವಿಲ್ಲದ ತೊಟ್ಟಿಗೆ ಬಿಡುತ್ತಾರೆ. ರಾತ್ರಿಯಿಡೀ ಅದು ತೆರೆದುಕೊಂಡೇ ತಣಿಯುತ್ತದೆ. ಗಾಳಿಯಲ್ಲಿ, ಮರದಲ್ಲಿ ಇರುವ ಈಸ್ಟು, ಬ್ಯಾಕ್ಟೀರಿಯಾ ತಾವಾಗಿ ಸೇರಿಕೊಳ್ಳುತ್ತವೆ. ಅದಕ್ಕೇ ಚಳಿಗಾಲದಲ್ಲಿ ಮಾತ್ರ ಮಾಡುತ್ತಾರೆ. ಬೇಸಿಗೆಯ ಗಾಳಿಯಲ್ಲಿ ಬೇಡದ್ದು ಜಾಸ್ತಿ. ನಮ್ಮ ಕಡೆ ಸೇಂದಿಗೆ ಯಾರು ಈಸ್ಟ್ ಹಾಕುತ್ತಾರೆ ಹೇಳಿ? ಇಡ್ಲಿ ಹಿಟ್ಟು ಹುದುಗುವುದೂ ಹಾಗೇ ಅಲ್ವಾ? ವ್ಯತ್ಯಾಸ ಇಷ್ಟೇ, ಹಿಟ್ಟಿಗೆ ಒಂದು ರಾತ್ರಿ ಸಾಕು, ಇದಕ್ಕೆ ವರ್ಷಗಳು ಬೇಕು.

ಆಮೇಲೆ ಓಕ್ ಮರದ ಪೀಪಾಯಿ, ಹೆಚ್ಚಾಗಿ ವೈನ್ ಇಟ್ಟಿದ್ದ ಹಳೆಯವು. ಅಲ್ಲಿ ಬ್ಯಾಕ್ಟೀರಿಯಾ ನಿಧಾನಕ್ಕೆ ಹುಳಿ ಕಟ್ಟುತ್ತದೆ. ಬ್ರೆಟ್ಟನೊಮೈಸಿಸ್ ಅನ್ನುವ ಈಸ್ಟ್ ನಿಮ್ಮ ಅಜ್ಜಿ ಮನೆಯ ಕೊಟ್ಟಿಗೆಯನ್ನು ತರುತ್ತದೆ. ಇದನ್ನು 1904ರಲ್ಲಿ ಗುರುತಿಸಿ ಹೆಸರಿಟ್ಟದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್. ಅವರಿಗೆ ಸಿಕ್ಕಿದ್ದು ಇಂಗ್ಲೆಂಡಿನ ಬಿಯರ್‌ನಲ್ಲಿ, ಅದಕ್ಕೇ ಹೆಸರಲ್ಲಿ ಬ್ರಿಟನ್ ಇದೆ. ಅದರ ಒಂದು ಜಾತಿಗೆ ಮಾತ್ರ ಈ ಊರಿನದೇ ಹೆಸರು: ಬ್ರಕ್ಸೆಲ್ಲೆನ್ಸಿಸ್.

ಈಗ ಸಿಹಿಯ ಪ್ರಶ್ನೆ. ಕ್ರೀಕ್ ಅಂದರೆ ಡಚ್ ಭಾಷೆಯಲ್ಲಿ ಹುಳಿ ಚೆರ್ರಿ. ಬಲಿತ ಲ್ಯಾಂಬಿಕ್‌ಗೆ ಅದನ್ನು ಬೀಜದ ಸಮೇತ ಹಾಕುತ್ತಾರೆ, ಸಾಮಾನ್ಯವಾಗಿ ಲೀಟರಿಗೆ 200ರಿಂದ 400 ಗ್ರಾಂ. ಹಣ್ಣಿನ ಸಕ್ಕರೆ ಸಿಕ್ಕ ಕೂಡಲೇ ಈಸ್ಟ್ ಮತ್ತೆ ಎದ್ದು ಕೂರುತ್ತದೆ, ಸಕ್ಕರೆ ಪೂರ್ತಿ ತಿಂದು ಮುಗಿಸುತ್ತದೆ. ಉಳಿಯುವುದು ಸಿಪ್ಪೆಯ ಬಣ್ಣ, ಹಣ್ಣಿನ ಹುಳಿ, ಬೀಜದ ಪರಿಮಳ. ನೀವು ಹಣ್ಣಿನ ರಸ ಹುಡುಕಿದಿರಿ. ಹಣ್ಣಿನ ಸಿಪ್ಪೆ, ಬೀಜ ಹುಡುಕಿ, ಸಿಗುತ್ತದೆ.

ಎರಡನೇ ಬಾಟಲಿಯನ್ನು ಹೀಗೆ ತೆಗೆಯಿರಿ. ಎರಡು ದಿನ ನೇರ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಅತಿ ತಣ್ಣಗೆ ಬೇಡವೇ ಬೇಡ, ಅದರಲ್ಲಿ ಹುಳಿ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಸುಮಾರು 12 ಡಿಗ್ರಿ ಇರಲಿ, ಅಂದರೆ ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆಯಾದರೂ ಹೊರಗಿಡಿ. ವೈನ್ ಗ್ಲಾಸಿಗೆ ಮೂರು ಬೆರಳಷ್ಟು ಬಗ್ಗಿಸಿ. ಮೊದಲ ಗುಟುಕನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ನಾಲಿಗೆಯನ್ನು ಒಗ್ಗಿಸುವುದಕ್ಕೆ. ಎರಡನೆಯದರಲ್ಲಿ ಚೆರ್ರಿ ಬರುತ್ತದೆ. ಮೂರನೆಯದನ್ನು ನುಂಗಿ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಕಹಿ ಬಾದಾಮಿಯ ವಾಸನೆ ಬಂದರೆ ಅದು ಬೀಜದ್ದು. ಒಸಡಿನ ಮೇಲೆ ಎಳೆ ಅಡಿಕೆ ಅಗಿದ ಹಾಗೆ ಒಗರು ನಿಂತರೆ ಅದು ಮರದ್ದು, ಸಿಪ್ಪೆಯದ್ದು.

ನಿಜವಾಗಿ ಕೆಟ್ಟಿದ್ದರೆ ಬೇರೆ ಥರ ಗೊತ್ತಾಗುತ್ತದೆ. ವಿನೆಗರ್ ಮೂಗಿಗೆ ಚುಚ್ಚುತ್ತದೆ, ಇಲ್ಲವೇ ಉಗುರಿನ ಬಣ್ಣ ತೆಗೆಯುವ ನೀರಿನ ವಾಸನೆ ಬರುತ್ತದೆ. ಹಾಗಿದ್ದರೆ ಚೆಲ್ಲಿ.

ಉಡುಪಿ_ಅಡುಗೆಮನೆ (ಅಕ್ಟೋಬರ್ 15)

ನಮ್ಮ ಮನೆಯವರು ಒಮ್ಮೆ ಬ್ರಸೆಲ್ಸ್‌ನಿಂದ ತಂದಿದ್ದರು. ನನಗೆ ಮೊದಲ ಗುಟುಕಿಗೇ ಹಿಡಿಸಿತು, ಯಾಕೆಂದರೆ ಸಕ್ಕರೆ ಹಾಕದ ಪುನರ್ಪುಳಿ ನೀರು ಕುಡಿದು ಬೆಳೆದವಳು ನಾನು. ಹುಳಿ, ಒಗರು ಎರಡೂ ಒಟ್ಟಿಗೆ ಇದ್ದರೇ ನನಗೆ ರುಚಿ. ಸುಮ್ನೆ ಕುಡಿಯಬೇಡಿ, ಜೊತೆಗೆ ಉಪ್ಪಿನದು ಏನಾದರೂ ಇರಲಿ. ಕೋಡುಬಳೆ ಬಹಳ ಚೆನ್ನಾಗಿ ಹೊಂದುತ್ತದೆ. ಖಾರ ಕಡಿಮೆ ಹಾಕಿ, ಹುಳಿಯ ಜೊತೆ ಖಾರ ಸೇರಿದರೆ ನಾಲಿಗೆ ಉರಿಯುತ್ತದೆ.

ಮ್ಯಾಡಿಸನ್_ಕನ್ನಡಿಗ (ಅಕ್ಟೋಬರ್ 15)

ಸಿಹಿ ಬೇಕೇ ಬೇಕು ಅನ್ನುವವರಿಗೆ ನಮ್ಮ ವಿಸ್ಕಾನ್ಸಿನ್‌ನಲ್ಲಿ ಒಂದಿದೆ. ನ್ಯೂ ಗ್ಲಾರಸ್ ಅವರ 'ವಿಸ್ಕಾನ್ಸಿನ್ ಬೆಲ್ಜಿಯನ್ ರೆಡ್'. ಇಲ್ಲಿನದೇ ಗೋಧಿ, ಡೋರ್ ಕೌಂಟಿಯ ಚೆರ್ರಿ, ಓಕ್ ತೊಟ್ಟಿಯಲ್ಲಿ ಬಲಿತದ್ದು. ಒಂದು ಬಾಟಲಿಗೆ ಒಂದು ಪೌಂಡ್‌ಗಿಂತ ಜಾಸ್ತಿ ಹಣ್ಣು, ಅಂದರೆ ಹತ್ತಿರ ಹತ್ತಿರ ಅರ್ಧ ಕೆಜಿ! ಮನೆಯಲ್ಲಿ ಬಿಯರ್ ಮುಟ್ಟದವರೂ ಇದನ್ನು ಕೇಳಿ ಕುಡಿಯುತ್ತಾರೆ. ಆದರೆ ಈ ರಾಜ್ಯ ಬಿಟ್ಟು ಹೊರಗೆ ಅವರು ಮಾರುವುದಿಲ್ಲ. ಬೆಲ್ಜಿಯಂನಲ್ಲೂ ಸಿಹಿ ಸೇರಿಸಿದ ಕ್ರೀಕ್ ಸಿಗುತ್ತಲ್ಲ, ಮೊದಲು ಅದರಿಂದ ಶುರು ಮಾಡಬಹುದಿತ್ತು.

ತೀರ್ಥಹಳ್ಳಿಯವ (ಅಕ್ಟೋಬರ್ 15)

ಸಿಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಸಿಹಿಯಿಂದ ಶುರು ಮಾಡಿದವರು ಇಲ್ಲಿಗೆ ಬಂದಾಗ ಮತ್ತೆ ಸಿಹಿಯನ್ನೇ ಹುಡುಕುತ್ತಾರೆ. 'ಔಡೆ' ಅಂದರೆ ಹಳೆಯದು ಅಂತ ಅರ್ಥ. ಹಳೆ ಪದ್ಧತಿಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಹಾಕಬಹುದು, ಯುರೋಪಿನಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಅದನ್ನು ಅದರಂತೆಯೇ ಕಲಿಯೋಣ.

ಹಾಸನದವರೇ, ಆಂಡರ್ಲೆಕ್ಟ್‌ನ ಕಾಂಟಿಯೋನ್‌ಗೆ ಹೋಗಿ ಬನ್ನಿ. 1900ರಿಂದ ಇರುವ ಮನೆತನದ ಬ್ರೂವರಿ, ಬ್ರಸೆಲ್ಸ್ ದಕ್ಷಿಣ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಒಳಗೆ ಎಲ್ಲ ನೋಡಲು ಬಿಡುತ್ತಾರೆ. ಪೀಪಾಯಿಗಳ ಮೇಲೆ ಜೇಡರ ಬಲೆ ಕಂಡರೆ ಕೊಳಕು ಅಂದುಕೊಳ್ಳಬೇಡಿ, ಬೇಕೆಂದೇ ಬಿಟ್ಟಿರುತ್ತಾರೆ. ಹಣ್ಣಿಗೆ ಮುತ್ತುವ ನೊಣಗಳನ್ನು ಜೇಡ ಹಿಡಿಯುತ್ತದೆ.

ಹಾಸನದಿಂದ_ಲ್ಯೂವೆನ್‌ಗೆ (ನವೆಂಬರ್ 2)

ನಿನ್ನೆ ರಾತ್ರಿ ಎರಡನೇ ಬಾಟಲಿ ತೆಗೆದೆವು. ನೀವು ಹೇಳಿದಂತೆಯೇ ಮಾಡಿದೆ, ಕೋಡುಬಳೆ ಸಮೇತ.

ಬಗ್ಗಿಸುವಾಗ ಗುಲಾಬಿ ನೊರೆ ಎದ್ದು ಚುರ್ ಅಂತ ಇಳಿದು ಹೋಯಿತು, ಅಂಚಿನಲ್ಲಿ ತೆಳ್ಳಗೆ ಒಂದು ಗೆರೆ ಉಳಿಯಿತು. ಕೊಟ್ಟಿಗೆ ವಾಸನೆ ಈ ಸಲವೂ ಇತ್ತು. ಆದರೆ ಐದು ನಿಮಿಷ ಗ್ಲಾಸಿನಲ್ಲಿ ಬಿಟ್ಟ ಮೇಲೆ ಅದರ ಹಿಂದಿನಿಂದ ಚೆರ್ರಿ ಬಂತು. ಮೂರನೇ ಗುಟುಕಿಗೆ ಉಸಿರು ಬಿಟ್ಟೆ ನೋಡಿ, ಬಾದಾಮಿ! ಹೆಂಡತಿಗೆ ನನಗಿಂತ ಮೊದಲೇ ಸಿಕ್ಕಿತು, ನಾನು ಏನೂ ಹೇಳಿರಲಿಲ್ಲ. ಒಗರು ಮಾತ್ರ ಅವಳಿಗೆ ಇನ್ನೂ ಜಾಸ್ತಿ ಅನಿಸುತ್ತದೆ. ನನಗೆ ಅದೇ ಇಷ್ಟವಾಯಿತು. ತಳದ ಗಸಿಯನ್ನು ಬೇರೆ ಲೋಟಕ್ಕೆ ಬಗ್ಗಿಸಿ ನೋಡಿದೆವು, ಮಂದವಾಗಿತ್ತು, ಹುಳಿ ಸ್ವಲ್ಪ ಮೆತ್ತಗೆ ಅನಿಸಿತು.

ಶನಿವಾರ ಆಂಡರ್ಲೆಕ್ಟ್‌ಗೆ ಹೊರಟಿದ್ದೇವೆ. ಈಗ ಕುದಿಸುವ ಕಾಲ ಅಲ್ವಾ, ಆ ತೊಟ್ಟಿ ನೋಡಬೇಕು. ತೀರ್ಥಹಳ್ಳಿಯವರೇ, ನಿಮಗೆ ಬಿಡುವಿದ್ದರೆ ಬನ್ನಿ, ಕೋಡುಬಳೆ ಇನ್ನೂ ಒಂದು ಡಬ್ಬ ಇದೆ.