ಕೂಸಿನ ಮೂಗು ಕಟ್ಟಿದ್ದಕ್ಕೆ ಯಾವ ಮಾತು? ‘ಥಂಡಿ’, ‘ಸಲೈನ್’, ‘ಒತ್ತು’, ‘ಕಾವು’

ಬಳಗದವರಿಗೆ ಶರಣು.

ಕಲಬುರಗಿ ಜಿಲ್ಲೆಯ ಬಾಣಂತಿಯರಿಗಾಗಿ ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಹಸುಗೂಸಿನ ಮೂಗು ಕಟ್ಟಿದರೆ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ಅದರ ವಿಷಯ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರಲ್ಲ, ಆಗ ಅವರು ಇದನ್ನು ಓದಿ ಹೇಳುತ್ತಾರೆ. ಅಂದರೆ ಇದು ಕಣ್ಣಿಗಿಂತ ಕಿವಿಗೆ ಬರೆಯುತ್ತಿರುವ ಹಾಳೆ. ಕೇಳಿದ ಕೂಡಲೇ ಒಂದೇ ಅರ್ಥ ಹೊಳೆಯಬೇಕು.

ಈಗಿನ ಕರಡು ಹೀಗಿದೆ: ‘ಕೂಸಿಗೆ ಥಂಡಿಯಾದರೆ ಮೂಗಿಗೆ ಸಲೈನ್ ಹಾಕಿ. ರಬ್ಬರ್ ಬಲ್ಬನ್ನು ಮೂಗಿನಲ್ಲಿಟ್ಟು ಒತ್ತಿ ಸಿಂಬಳ ತೆಗೆಯಿರಿ. ಕೋಣೆಯನ್ನು ಬೆಚ್ಚಗಿಡಿ, ಕಾವು ಕೊಡಿ.’ ಇದರಲ್ಲಿ ಯಾವ ಮಾತು ನಿಲ್ಲಬೇಕು, ಯಾವುದು ಹೋಗಬೇಕು? ‘ಸಿಂಬಳ’ ಸಾಕೇ, ನಮ್ಮ ಕಡೆಯ ‘ಸುಂಬಳ’ವನ್ನೇ ಬರೆಯೋಣವೇ?

— ಕಲಬುರಗಿಯಿಂದ

*

ಕಲಬುರಗಿಯ ಗೆಳೆಯರಿಗೆ,

‘ಸುಂಬಳ’ವೋ ‘ಸಿಂಬಳ’ವೋ, ಯಾವುದಾದರೂ ನಡೆಯುತ್ತದೆ. ಉಳಿದ ನಾಲ್ಕು ಮಾತು ಹಾಗಲ್ಲ. ಒಂದೊಂದೂ ಕೂಸಿಗೆ ಬೇರೆಯದೇ ಉಪಚಾರ ಮಾಡಿಸುತ್ತದೆ.

ಮೊದಲು ‘ಥಂಡಿ’. ಬೀದರಿನ ಮನೆಗಳಲ್ಲಿ ‘ಕೂಸಿಗಿ ಥಂಡಿ ಆಗ್ಯಾದ’ ಎಂದರೆ ಅದು ಬರೀ ಲಕ್ಷಣದ ಹೆಸರಲ್ಲ, ಕಾರಣವೂ ಅದರೊಳಗೇ ಇದೆ: ತಂಪು ಹೊಕ್ಕಿದೆ, ಬಿಸಿಯಿಂದ ಹೊರಹಾಕಬೇಕು. ಆಮೇಲೆ ಕೆಂಡದ ಶೇಗಡಿ, ಲೋಬಾನದ ಹೊಗೆ, ಎದೆಗೆ ಕರ್ಪೂರದ ಎಣ್ಣೆ ಸಾಲಾಗಿ ಬರುತ್ತವೆ. ಆದರೆ ಮೊದಲ ವಾರಗಳ ಗೊರಗೊರ ಸದ್ದು ಬಹಳ ಸಲ ನೆಗಡಿಯೇ ಆಗಿರುವುದಿಲ್ಲ. ಮೂಗಿನ ದಾರಿ ಬಹಳ ಕಿರಿದು. ತುಸು ಲೋಳೆ ನಿಂತರೂ, ಕಕ್ಕಿದ ಹಾಲು ಹಿಂದಿನಿಂದ ಮೇಲೇರಿದರೂ ಸದ್ದು ಬರುತ್ತದೆ. ಸೀನು ಕೂಡ ಕೂಸು ಮೂಗು ಸ್ವಚ್ಛ ಮಾಡಿಕೊಳ್ಳುವ ಬಗೆ. ಹಾಲು ಕುಡಿಯುತ್ತಿದ್ದು, ನಿದ್ದೆ ಮಾಡುತ್ತಿದ್ದರೆ ಮೂಗಿಗೆ ಏನೂ ಹಾಕಬೇಕಿಲ್ಲ. ಆದ್ದರಿಂದ ಕಂಡದ್ದನ್ನಷ್ಟೇ ಹೇಳುವ ‘ಮೂಗು ಕಟ್ಟಿದರೆ’ ಎಂಬುದೇ ಸರಿ. ಜೊತೆಗೆ ಗುರುತನ್ನೂ ಬರೆಯಿರಿ: ‘ಮೊಲೆ ಬಾಯಿಗಿಟ್ಟರೆ ಎರಡು ಗುಟುಕಿಗೆ ಬಿಟ್ಟು ಅಳುತ್ತದೆ’. ಈ ವಯಸ್ಸಿನ ಕೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಬಾಯಿ ಹಾಲಿಗೆ ಹೋದಾಗ ಮೂಗು ಕಟ್ಟಿದ್ದರೆ ಉಸಿರಿಗೆ ದಾರಿ ಇಲ್ಲ, ಅದಕ್ಕೇ ಬಿಡುತ್ತದೆ. ಇದನ್ನು ತಾಯಂದಿರು ‘ಹಾಲು ಸಾಲ್ತಿಲ್ಲ’ ಎಂದು ತಿಳಿದು ಮೇಲಿನ ಹಾಲು ಶುರುಮಾಡುವುದುಂಟು.

‘ಸಲೈನ್’ ಎಂಬುದು ಇನ್ನೂ ಕೆಟ್ಟ ಗೊಂದಲ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ‘ಸಲೈನ್ ಹಚ್ಯಾರ’ ಎಂದರೆ ಕೈಯ ನರಕ್ಕೆ ಬಾಟಲಿ ಏರಿಸಿದ್ದಾರೆ ಎಂದೇ ಅರ್ಥ. ಹಾಗೆಂದು ಬರೀ ‘ಉಪ್ಪುನೀರು’ ಎಂದರೆ ಅಡುಗೆಮನೆಯ ಉಪ್ಪು, ಕೊಡದ ನೀರು ಬರುತ್ತವೆ. ದೇಹಕ್ಕೆ ಒಗ್ಗುವ ಉಪ್ಪುನೀರೆಂದರೆ 1 ಲೀಟರಿಗೆ 9 ಗ್ರಾಂ, ಅಂದರೆ ಶೇಕಡಾ 0.9. ಚಿಟಿಕೆ ಒಬ್ಬೊಬ್ಬರ ಬೆರಳಿಗೆ ಒಂದೊಂದು. ಉಪ್ಪು ಹೆಚ್ಚಾದರೆ ಉರಿಯುತ್ತದೆ, ನೀರು ಕುದಿಸದಿದ್ದರೆ ಸೋಂಕಿನ ಭಯ. ಇಷ್ಟು ಎಳೆಯ ಕೂಸಿಗೆ ಮನೆಯಲ್ಲಿ ಕಲಸುವುದೇ ಬೇಡ. ‘ಮೆಡಿಕಲ್ ಅಂಗಡಿಯ, ಮೂಗಿಗೆ ಹಾಕುವ ಉಪ್ಪುನೀರಿನ ಹನಿ’ ಎಂದು ಪೂರ್ತಿ ಬರೆಯಿರಿ. ಉದ್ದವಾಯಿತು, ಆಗಲಿ. ಶೇಕಡಾ 0.65ರದ್ದೂ ಸಿಗುತ್ತದೆ, ಅದೂ ನಡೆಯುತ್ತದೆ.

ಇಲ್ಲೇ ಇನ್ನೊಂದು ಸಾಲು ಬೇಕೇ ಬೇಕು. ‘ಮೂಗು ಬಂದ್ ಆಗ್ಯಾದ, ಹನಿ ಕೊಡ್ರಿ’ ಎಂದಷ್ಟೇ ಕೇಳಿದರೆ ದೊಡ್ಡವರ ಔಷಧಿ ಕೈಗೆ ಬರಬಹುದು. ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಎಂಬ ಎರಡು ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಿ, ‘ಇವು ಬೇಡ’ ಎಂದು ಬರೆಯಿರಿ. ಅವು ರಕ್ತನಾಳ ಕುಗ್ಗಿಸಿ ಮೂಗು ಬಿಡಿಸುತ್ತವೆ, ಆದರೆ ಹಸುಗೂಸಿನ ಉಸಿರನ್ನೂ ಹೃದಯದ ಬಡಿತವನ್ನೂ ನಿಧಾನಿಸಬಲ್ಲವು. ಬಾಟಲಿಯ ಮೇಲೆ ಇರುವುದು ಇಂಗ್ಲಿಷ್. ಹೆಸರು ಬಾಯಿಗೆ ಬಂದರೆ ತಾಯಿ ಅಂಗಡಿಯಲ್ಲಿ ಕೇಳಿಯಾದರೂ ತಿಳಿಯುತ್ತಾಳೆ.

ಇನ್ನು ‘ಮೂಗಿನಲ್ಲಿಟ್ಟು ಒತ್ತಿ’. ಇದನ್ನು ಇವತ್ತೇ ಅಳಿಸಿಬಿಡಿ. ಬಲ್ಬು ಮೂಗಿನಲ್ಲಿರುವಾಗ ಒತ್ತಿದರೆ ಗಾಳಿ ನುಗ್ಗಿ ಸಿಂಬಳ ಇನ್ನೂ ಒಳಕ್ಕೆ ಹೋಗುತ್ತದೆ. ಮೊದಲು ಹಿಚುಕಬೇಕು, ಹಿಚುಕಿ ಹಿಡಿದೇ ಮೂಗಿಗೆ ಇಡಬೇಕು, ಆಮೇಲೆ ಮೆಲ್ಲಗೆ ಬಿಡಬೇಕು. ಎಳೆಯುವುದು ಬಿಟ್ಟಾಗ, ಒತ್ತಿದಾಗಲ್ಲ. ‘ಹೊರಗೆ ಹಿಚುಕು, ಮೂಗಿಗಿಡು, ಮೆಲ್ಲಗೆ ಬಿಡು’ ಎಂಬ ಮೂರು ಕ್ರಿಯಾಪದ ಇದೇ ಕ್ರಮದಲ್ಲಿ ಬರಲಿ. ‘ಹೀರು’ ಎಂಬ ಮಾತನ್ನೂ ತಪ್ಪಿಸಿ. ಬಾಯಿಂದ ಹೀರುವ ರೂಢಿ ಕೆಲವೆಡೆ ಇದೆ, ದೊಡ್ಡವರ ಬಾಯಿಯ ಸೋಂಕು ನೇರ ಕೂಸಿಗೆ ಹೋಗುತ್ತದೆ.

ಪೂರ್ತಿ ಕ್ರಮ ಹೀಗೆ: ಕೈ ಸಾಬೂನಿನಿಂದ ತೊಳೆದು, ಕೂಸನ್ನು ಅಂಗಾತ ಮಲಗಿಸಿ, ತಲೆ ತುಸು ಹಿಂದಕ್ಕೆ ಬಾಗುವಂತೆ ಹಿಡಿದು, ಒಂದೊಂದು ಹೊಳ್ಳೆಗೆ 1 ಅಥವಾ 2 ಹನಿ. ಬಾಟಲಿಯ ಮೂತಿ ಮೂಗಿಗೆ ತಾಕಬಾರದು. ಒಂದು ನಿಮಿಷ ಕಾಯಬೇಕು. ಬಹಳ ಸಲ ಇಷ್ಟಕ್ಕೇ ಸೀನು ಬಂದು ಮೂಗು ಬಿಡುತ್ತದೆ, ಒರೆಸಿದರಾಯಿತು. ಬಿಡದಿದ್ದರೆ ಮಾತ್ರ ಬಲ್ಬು, ಅದೂ ಹೊಳ್ಳೆಯ ಬಾಯಿಯಲ್ಲಷ್ಟೇ. ಹಾಲು ಕೊಡುವ ಹತ್ತು ಹದಿನೈದು ನಿಮಿಷ ಮೊದಲು ಮಾಡಿದರೆ ಒಳ್ಳೆಯದು. ಹಾಲು ಕುಡಿದ ಮೇಲೆ ಮಾಡಿದರೆ ಕಕ್ಕುತ್ತದೆ. ಬಲ್ಬು ದಿನಕ್ಕೆ 3–4 ಸಲಕ್ಕಿಂತ ಹೆಚ್ಚಾದರೆ ಒಳಚರ್ಮ ಬಾತು, ಕಟ್ಟಿದ ಮೂಗು ಮತ್ತಷ್ಟು ಕಟ್ಟುತ್ತದೆ, ರಕ್ತವೂ ಬರಬಹುದು. ಪ್ರತಿ ಸಲ ಸಾಬೂನಿನ ಬಿಸಿನೀರನ್ನು ಎಳೆದು ಬಿಟ್ಟು ತೊಳೆದು, ಶುದ್ಧ ನೀರಿನಿಂದ ಜಾಲಾಡಿಸಿ, ಮೂತಿ ಕೆಳಗಾಗಿ ಒಣಗಿಸಬೇಕು. ಒಳಗೆ ತೇವ ಉಳಿದರೆ ಬೂಸು ಹಿಡಿಯುತ್ತದೆ. ಒಣ ಹಕ್ಕಳೆಗೆ ಹನಿ ಹಾಕಿ ನೆನೆಸಿ, ಮೆತ್ತನೆಯ ಬಟ್ಟೆಯ ತುದಿಯಿಂದ ಹೊರಗಿನದನ್ನಷ್ಟೇ ತೆಗೆಯಬೇಕು. ಹತ್ತಿಕಡ್ಡಿ ಬೇಡ.

‘ಕಾವು’ ಎಂದರೆ ಶೇಗಡಿ ಎಂದೇ ಕೇಳಿಸುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಲೋಬಾನದ ಹೊಗೆ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ‘ಹಬೆ ಕೊಡಿ’ ಎಂದೂ ಬೇಡ, ಕುದಿಯುವ ಪಾತ್ರೆ ಕೂಸಿನ ಹತ್ತಿರ ಬರುತ್ತದೆ. ‘ಬಟ್ಟೆ ಬೆಚ್ಚಗಿರಲಿ, ಕೋಣೆಯಲ್ಲಿ ಹೊಗೆ ಇರಬಾರದು’ ಎನ್ನಿ.

ಬೇಡದವುಗಳ ಹೆಸರನ್ನು ಬಿಡಿಸಿ ಹೇಳಿ. ಮೂಗಿಗೆ ಎಣ್ಣೆ ಬಿಡುವುದು: ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಕರ್ಪೂರ: ಫಿಟ್ಸ್ ಬರಿಸಬಲ್ಲದು. ಜೇನು: ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು, ಬಾಟುಲಿಸಂ ಎಂಬ ವಿಷಬಾಧೆಯ ಭಯ. ಎದೆಹಾಲನ್ನು ಮೂಗಿಗೆ ಹಿಂಡಿದರೆ ಒಣಗಿ ಅಂಟಾಗುತ್ತದೆ. ಹಾಲು ಬಾಯಿಗೇ ಹೋಗಲಿ. ತಲೆಯ ಕೆಳಗೆ ದಿಂಬಿಟ್ಟರೆ ಕತ್ತು ಮಡಿಚಿ ಉಸಿರಿನ ದಾರಿ ಮುಚ್ಚಬಹುದು.

— ಬೀದರಿನಿಂದ

*

ಬೀದರಿನವರ ಮಾತಿಗೆ ಯಾದಗಿರಿಯಿಂದ ಒಂದು ಸೇರ್ಪಡೆ.

ಆಸ್ಪತ್ರೆಗೆ ಹೋಗುವ ಸಾಲಿನಲ್ಲಿ ‘ಉಸಿರಾಟದ ತೊಂದರೆ’ ಎಂದು ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. ‘ದಮ್ಮು’ ಎಂದರೆ ಮುದುಕರ ಬೇನೆ ನೆನಪಾಗುತ್ತದೆ. ಆದ್ದರಿಂದ ನೋಡುವ ಜಾಗವನ್ನೇ ಹೇಳಿ: ‘ಅಂಗಿ ಎತ್ತಿ ನೋಡ್ರಿ. ಉಸಿರು ಎಳಕೊಂಡಾಗ ಎದೆಯ ಕೆಳಭಾಗ ಜೋರಾಗಿ ಒಳಗೆ ಹೋಗುತ್ತದೇನು?’ ಎಣಿಕೆಯೂ ಬೇಕು. ಕೂಸು ಸುಮ್ಮನಿರುವಾಗ ಪೂರ್ತಿ 1 ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ, 60 ಅಥವಾ ಮೇಲಿದ್ದರೆ ಮತ್ತೊಮ್ಮೆ ಎಣಿಸುವುದು. ಎಳೆಗೂಸಿನ ಉಸಿರು ಏಕಸಮ ಇರುವುದಿಲ್ಲ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡನೇ ಸಲವೂ ಅಷ್ಟೇ ಬಂದರೆ, ಎದೆ ಒಳಗೆ ಎಳೆದರೆ, ನರಳಿದರೆ, ತುಟಿ ನೀಲಿಯಾದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಜ್ವರ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಮೈ ತಣ್ಣಗಾದರೆ 108ಕ್ಕೆ ಕರೆ ಮಾಡುವುದು.

ಇನ್ನೊಂದು ಲಕ್ಷಣ ಕರಡಿನಲ್ಲಿಲ್ಲ: ಸುಮ್ಮನಿದ್ದಾಗ ನೀಲಿ, ಅತ್ತಾಗ ಕೆಂಪು. ಅಂಥ ಕೂಸಿನ ಮೂಗು ಹುಟ್ಟಿನಿಂದಲೇ ಹಿಂದುಗಡೆ ಮುಚ್ಚಿರಬಹುದು, ಹನಿಗೂ ಬಲ್ಬಿಗೂ ಬಿಡುವುದಿಲ್ಲ. ಇದಕ್ಕೆ ‘ಮೂಗು ಕಟ್ಟಿದೆ’ ಎನ್ನದೆ ‘ಮೂಗಿನ ದಾರಿಯೇ ತೆರೆದಿಲ್ಲ’ ಎಂದು ಬೇರೆ ಸಾಲಿನಲ್ಲಿ ಬರೆಯಿರಿ, ಆ ಸಾಲಿನ ಮುಂದೆಯೂ 108 ಇರಲಿ.

— ಯಾದಗಿರಿಯಿಂದ